ಗುಂಡಿಗಿಂತ ಮೊದಲು

ಗುಂಡು ಸಿಡಿದಾಗ ಒಂದನೇ ಲೇನಿನ ಹುಡುಗಿ ಆಗಲೇ ಹೊರಟಾಗಿತ್ತು. ಬೆನ್ನಿಗೇ ಓಟ ನಿಲ್ಲಿಸುವ ಇನ್ನೊಂದು ಗುಂಡು. ಭಾಷ್ಯಂ ಯಂತ್ರದ ಪರದೆಗೆ ಬಗ್ಗಿ ನೋಡಿ ಕನ್ನಡಕ ಸರಿಪಡಿಸಿಕೊಂಡರು. ಕಳ್ಳತನ ಸಿಕ್ಕಿಬಿದ್ದಿತ್ತು.

ಅರಸೀಕೆರೆಯ ಮೈದಾನದಲ್ಲಿ ಅವತ್ತು ನೂರು ಮೀಟರ್ ಓಟದ ಆಯ್ಕೆ. ಗೆದ್ದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಅನ್ನ, ಹಾಸಿಗೆ, ಓದು. ಮುಖ್ಯ ತೀರ್ಪುಗಾರರಾದ ಭಾಷ್ಯಂ ಈ ಸಲ ಹೊಸ ಯಂತ್ರ ತರಿಸಿದ್ದರು. ಓಟಗಾರರು ಪಾದವೊತ್ತಿ ಕೂರುವ ಬ್ಲಾಕುಗಳಿಗೆ ಅದರ ತಂತಿ. ಸದ್ದು ಕಿವಿಗೆ ಬಿದ್ದು ಕಾಲಿಗಿಳಿಯಲು ಸೆಕೆಂಡಿನ ಹತ್ತನೇ ಒಂದು ಪಾಲಾದರೂ ಬೇಕು. ಅದಕ್ಕಿಂತ ಮೊದಲೇ ಒದ್ದವರು ಸದ್ದಿಗೆ ಕಾಯಲಿಲ್ಲವೆಂದೇ ಲೆಕ್ಕ. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಕೂದಲೆಳೆಯಷ್ಟು ಹೆಚ್ಚೇ ಬೇಕು ಎಂಬುದು ಭಾಷ್ಯಂ ನಂಬಿಕೆ.

"ಒದೆಯೋ ಬಲ ನೋಡಿ ಎಚ್ಚರವಾಗೋ ಯಂತ್ರ ಸಾರ್ ಇದು. ಗಂಡಸರ ಕಾಲಿಗೆ ಹೊಂದಿಸಿಟ್ಟಿದ್ದಕ್ಕೆ ಹಗುರ ಒದೆತ ತಡವಾಗಿ ಕಾಣುತ್ತೆ, ನೀವು ಹೆಂಗಸರ ಕಿವಿ ಮಂದ ಅಂತೀರಲ್ಲ" ಎಂದು ಹುಡುಗಿಯ ತರಬೇತುಗಾರ್ತಿ ಶರ್ಮಿಳಾ ಬೆಳಿಗ್ಗೆಯೇ ಜಗಳ ತೆಗೆದಿದ್ದಳು. ಗುಂಡು ಹಾರಿಸುವ ಷಡಕ್ಷರಪ್ಪ ನಕ್ಕುಬಿಟ್ಟಿದ್ದರು. "ಹೆಣ್ಣು ಸದ್ದಿಗೆ ಬೆಚ್ಚುತ್ತೆ ಕಣಮ್ಮ, ಓಡಲ್ಲ. ನಾನು ನೋಡಿರೋದೇ."

ಷಡಕ್ಷರಪ್ಪ ಹೆಸರಾಂತ ಡ್ರಿಲ್ ಮೇಷ್ಟ್ರು. ಬಿಳಿ ಟೋಪಿ, ಬಿಳಿ ಬೂಟು, ಒಳ್ಳೆಯ ಮಾತು. ಉಳಿದ ಹುಡುಗಿಯರನ್ನೆಲ್ಲ "ನೆಟ್ಟಗೆ ಕೂತ್ಕೋ ಮಗಳೇ" ಎಂದು ಸವರಿದ ಬಾಯಿ, ಜಾವಗಲ್ಲಿನ ಈ ಸಿಂಧುವನ್ನು ಮಾತ್ರ "ಒಂದನೇ ಲೇನು" ಎಂದಷ್ಟೇ ಕರೆದಿತ್ತು. ಮೋಸದ ವಾಸನೆ ಅವರಿಗೂ ಬಡಿದಿರಬೇಕು ಎಂದುಕೊಂಡರು ಭಾಷ್ಯಂ.

ಸಿಂಧುವನ್ನು ಕರೆಸಿದರು. ಹೊರಗೆ ಹಾಕುವುದೊಂದೇ ಅಲ್ಲ, ಮೋಸವೆಂದು ಬರೆದರೆ ಹಾಸ್ಟೆಲಿನ ಬಾಗಿಲು ಇನ್ನೆಂದೂ ತೆರೆಯದು ಎಂದು ತಿಳಿಸಿದರು. ಹುಡುಗಿ ಅಳಲಿಲ್ಲ. ತಾನು ಮೋಸ ಮಾಡಿಲ್ಲ, ಕಾಲು ತಾನಾಗಿ ಹೊರಡುತ್ತದೆ, ಬೇಕಾದರೆ ಇನ್ನೊಮ್ಮೆ ಕೂರಿಸಿ ನೋಡಿ ಎಂದಳು. ಬೇಲಿಯಾಚೆ ಒಬ್ಬ ಹುಡುಗ, "ಇವ್ಳಿಗೆ ಗುಂಡು ಮೊದ್ಲೇ ಮಿಸ್ಡ್ ಕಾಲ್ ಕೊಡ್ತದೆ ಕಣ್ಲಾ" ಎಂದ. ಎಲ್ಲರೂ ನಕ್ಕರು.

ಭಾಷ್ಯಂ ನಗಲಿಲ್ಲ. ಅವರು ಇನ್ನೊಂದನ್ನು ಕಂಡಿದ್ದರು. ಬೇಲಿಯ ಪಕ್ಕ ನಿಂತಿದ್ದ ಹುಡುಗಿಯ ತಾಯಿ ಸುವರ್ಣಮ್ಮ, ಗುಂಡು ಸಿಡಿಯುವ ಮೊದಲೇ ಸೆರಗೆಳೆದು ತಲೆ ತಗ್ಗಿಸಿದ್ದಳು. ಸಿಡಿದ ಮೇಲೆ ತಗ್ಗಿಸಿದರೆ ಬೆಚ್ಚಿದ್ದು. ಮೊದಲೇ ತಗ್ಗಿಸಿದರೆ? ಸನ್ನೆ.

ತಾಯಿಯನ್ನು ಗೇಟಿನಾಚೆ ಕಳಿಸಿದರು. ಆಕೆ ಎದುರಾಡದೆ ಹೋದಳು, ಷಡಕ್ಷರಪ್ಪ ನಿಂತ ಕಡೆಯನ್ನು ಬಳಸಿಕೊಂಡು, ಸುತ್ತು ದಾರಿಯಲ್ಲಿ. ಸಿಂಧು ಒಬ್ಬಳೇ ಕೂತಳು. ತಲೆ ನೆಲಕ್ಕೆ. ಪಕ್ಕದಲ್ಲೇ, ಎರಡು ಹೆಜ್ಜೆ ಮುಂದೆ, ಷಡಕ್ಷರಪ್ಪ ಕೈಯೆತ್ತಿದರು.

ಮತ್ತೆ ಮೊದಲೇ ಹಾರಿದಳು.

ಭಾಷ್ಯಂ ಲೇಖನಿ ತೆಗೆದರು. ಆಗ ಹುಡುಗಿ ಬಂದು ಮೇಜಿನ ಮೇಲೆ ಎರಡೂ ಕೈ ಊರಿದಳು. "ಬರೀರಿ ಸಾರ್, ಬೇಡ ಅನ್ನಲ್ಲ. ಒಂದೇ ಒಂದು ಸಲ ಗುಂಡು ಹಾರಿಸೋರನ್ನ ನನ್ನ ಹಿಂದೆ ನಿಲ್ಸಿ. ಎಲ್ಲರ ಜೊತೆ ಓಡಿಸಿ. ಸೋತ್ರೆ ನಾನೇ ಮನೆಗೆ ಹೋಗ್ತೀನಿ."

ಷಡಕ್ಷರಪ್ಪ ಇದೆಲ್ಲ ಬೇಡವೆಂದರು, ಬಿಸಿಲೇರಿತು ಎಂದರು. ಶರ್ಮಿಳಾ ಬಿಡಲಿಲ್ಲ. ಭಾಷ್ಯಂ ಒಪ್ಪಿದರು.

ಹುಡುಗಿಯರೆಲ್ಲ ಮತ್ತೆ ಕೂತರು. ಈ ಸಲ ಬೆನ್ನ ಹಿಂದಿನಿಂದ ಗುಂಡು ಸಿಡಿಯಿತು. ಯಂತ್ರ ಸುಮ್ಮನಿತ್ತು. ಸಿಂಧು ಸದ್ದಿಗೆ ಕಾದಿದ್ದಳು, ನಿಯಮದೊಳಗೇ ಹೊರಟಿದ್ದಳು. ಬೆಳಿಗ್ಗೆ ಗಂಡುಮಕ್ಕಳ ಓಟ ಗೆದ್ದ ಶಶಿಕಿರಣನ ಕಾಲು ಎಷ್ಟು ಬೇಗ ಎದ್ದಿತ್ತೋ ಇವಳದ್ದೂ ಅಷ್ಟೇ ಬೇಗ. ಉಳಿದವರು ಅರ್ಧ ದಾರಿಯಲ್ಲಿದ್ದಾಗಲೇ ಅವಳ ಗೆಲುವು ಖಚಿತವಾಗಿತ್ತು.

ಭಾಷ್ಯಂ ಗೆದ್ದವಳೆಂದು ಸಿಂಧುವಿನ ಹೆಸರು ಬರೆದು ಸಹಿ ಹಾಕಿದರು. ಆಮೇಲೆ ಷಡಕ್ಷರಪ್ಪನವರತ್ತ ತಿರುಗಿದರು. ಕಣ್ಣೆದುರು ನಿಂತಾಗ ಮೋಸ, ಬೆನ್ನಿಗೆ ನಿಂತಾಗ ಇಲ್ಲ. ಹಾಗಾದರೆ ಸನ್ನೆ ಕೊಟ್ಟವರು ಯಾರು?

"ಈ ಹುಡುಗಿ ನಿಮಗೇನಾಗಬೇಕು ಮೇಷ್ಟ್ರೇ?"

"ಏನೂ ಆಗ್ಬೇಕಿಲ್ಲ ಸಾರ್." ಷಡಕ್ಷರಪ್ಪ ಪಿಸ್ತೂಲನ್ನು ಒರೆಸುತ್ತಿದ್ದರು. "ಯಾವುದೋ ಜಾವಗಲ್ ಹುಡುಗಿ."

"ಅವರು ಬೇಕಂತ ಕೊಟ್ಟಿದ್ದಲ್ಲ ಸಾರ್" ಎಂದಳು ಸಿಂಧು, ಇನ್ನೂ ಏದುಸಿರು ಬಿಡುತ್ತ. "ಗುಂಡು ಹಾರಿಸೋ ಮುಂಚೆ ಅವರ ಬಲಗಾಲಿನ ಹಿಮ್ಮಡಿ ಏಳ್ತದೆ. ಅವರಿಗೇ ಗೊತ್ತಿಲ್ಲ."

ಭಾಷ್ಯಂ ಆ ಬಿಳಿ ಬೂಟು ನೋಡಿದರು. ದಿನವಿಡೀ ಪಕ್ಕದಲ್ಲೇ ಇದ್ದ ತಮಗೆ ಕಾಣದ್ದು ಇವಳಿಗೆ ಹೇಗೆ ಗೊತ್ತು ಎಂದು ಕೇಳಿದರು.

ಸಿಂಧು ಗೇಟಿನಾಚೆ ನಿಂತ ತಾಯಿಯನ್ನೊಮ್ಮೆ ನೋಡಿದಳು. ದನಿ ತಗ್ಗಿಸಲಿಲ್ಲ.

"ಜಾವಗಲ್‌ಗೆ ಓಡಿಹೋಗೋ ಮುಂಚೆ ದಿನಾ ಮಂಚದ ಕೆಳಗೆ ಅವಿತ್ಕೋತಿದ್ದೆ ಸಾರ್, ಅಲ್ಲಿಂದ ನಮ್ಮಪ್ಪಂದು ಇದೇ ಹಿಮ್ಮಡಿ ಮಾತ್ರ ಕಾಣ್ತಿತ್ತು, ಅದು ಎದ್ದ ಮೇಲೇ ಅಮ್ಮನ ಮೇಲೆ ಕೈ ಬೀಳ್ತಿದ್ದಿದ್ದು."