ಹಳೇ ಗಾಡಿಯ ಕೊನೇ ಸ್ನಾನ

ಹೊಸ ಅಗ್ನಿಶಾಮಕ ಗಾಡಿ ಓಣಿಯ ಬಾಯಲ್ಲೇ ನಿಂತುಬಿಟ್ಟಿತು. ಅದು ಠಾಣೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹಿಂದೆ ನೋಡಲು ಕ್ಯಾಮೆರಾ, ಬಣ್ಣಬಣ್ಣದ ದೀಪ, ಎಂಥೆಂಥದೋ ಮೀಟರು, ಎಲ್ಲ ಇತ್ತು. ಬಾಗಲಗುಂಟೆಯ ಹಿಂಬದಿಯ ಓಣಿಯಲ್ಲಿ ತೂರುವಂಥ ಮೈ ಮಾತ್ರ ಇರಲಿಲ್ಲ. ಸಾಲದ್ದಕ್ಕೆ ಯಾರೋ ಪುಣ್ಯಾತ್ಮ ಓಣಿಯ ಬಾಯಲ್ಲೇ ತನ್ನ ತಳ್ಳುಗಾಡಿಯನ್ನು ಕಂಬಕ್ಕೆ ಸರಪಳಿ ಬಿಗಿದು ಬೀಗ ಹಾಕಿ ಹೋಗಿದ್ದ. ಎರಡು ತಿರುವು ದಾಟಿದರೆ ಕೊನೇ ಮನೆ. ಅದರ ಕೆಳಗಿನ ಸ್ಪಂಜಿನ ಗೋಡೌನು ಹೊತ್ತಿ ಉರಿಯುತ್ತಿತ್ತು. ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬ ಮುದುಕಿ ಸಿಕ್ಕಿಕೊಂಡಿದ್ದಾಳೆ ಎಂದು ಜನ ಕೂಗುತ್ತಿದ್ದರು. ಹೊಸ ಗಾಡಿಯ ಪೈಪು ಅಷ್ಟು ದೂರ ಎಟುಕಲಿಲ್ಲ. ಹಳೇ ಗಾಡಿ ಕಳಿಸಿ ಎಂದು ಠಾಣೆಗೆ ವೈರ್‌ಲೆಸ್ಸಿನಲ್ಲಿ ಹೇಳಿದರು.

ಅದನ್ನು ಕೇಳಿ ಡ್ರೈವರ್ ಚಿನ್ನಪ್ಪನಿಗೆ, ಪಾಪ, ಒಳಗೊಳಗೇ ಖುಷಿಯಾಯಿತು. ಹಳೇ ಗಾಡಿಯ ಸ್ಟೀರಿಂಗು ಅವನ ಕೈಗೆ ಬಂದು ಹದಿನೆಂಟು ವರ್ಷ. ಮಾರನೇ ದಿನ ಅದು ಹರಾಜಿಗೆ ಹೋಗುವುದಿತ್ತು. ಹೊಸದು ಬಂದಾಗಿನಿಂದ ಠಾಣೆಯವರೆಲ್ಲ ಹಳೆಯದನ್ನು ಡಬ್ಬಾ ಎಂದು ಆಡಿಕೊಂಡು ಅವನ ಹೊಟ್ಟೆ ಉರಿಸಿದ್ದರು. ಈಗ ಬೇಕಾಯಿತಲ್ಲ ಡಬ್ಬಾ ಎಂದುಕೊಳ್ಳುತ್ತಲೇ ಹತ್ತಿ ಕೂತ. ಫ್ಯಾಕ್ಟರಿ ಲಾರಿಗಳ ಸಂದಿಯಲ್ಲಿ ಗಾಡಿ ಎಂದೂ ಇಲ್ಲದಷ್ಟು ಹಗುರವಾಗಿ ಓಡಿತು. ಅದಕ್ಕೂ ತನ್ನ ಹಾಗೇ ಹುರುಪು ಬಂದಿದೆ ಎಂದು ತಿಳಿದ ಆ ಹುಚ್ಚಪ್ಪ. ಹೊಸದು ಹಿಂದೆ ಸರಿದು ದಾರಿ ಬಿಟ್ಟಿತು. ತಳ್ಳುಗಾಡಿಯ ಪಕ್ಕ ಗೋಡೆಗೆ ಮೈ ಉಜ್ಜಿಸಿಕೊಂಡೇ ಒಳಗೆ ನುಗ್ಗಿಸಿದ. ಎರಡು ತಿರುವನ್ನೂ ದಾಟಿಸಿ, ಉರಿಯುವ ಮನೆಯ ಬಾಗಿಲಿಗೇ ತಂದು ನಿಲ್ಲಿಸಿದ. ಅಕ್ಕಪಕ್ಕದ ಮಹಡಿಗಳಿಂದ ಜನ ಚಪ್ಪಾಳೆ ತಟ್ಟಿದರು.

ಸಿಬ್ಬಂದಿ ಪೈಪು ಹಿಡಿದು ಮುಂದೆ ಓಡಿದರು. ಚಿನ್ನಪ್ಪ ಪಂಪು ಚಾಲೂ ಮಾಡಿದ. ಪೈಪು ಉಬ್ಬಲಿಲ್ಲ. ಎಂಜಿನ್ನು ಅರಚಿಕೊಳ್ಳುವಷ್ಟು ಜೋರು ಮಾಡಿದರೂ ಅದು ನೆಲಕ್ಕೆ ಅಂಟಿಕೊಂಡೇ ಬಿದ್ದಿತ್ತು. ಆಗ ಅವನಿಗೆ ನೆನಪಾಯಿತು.

ಆ ಬೆಳಿಗ್ಗೆ ಅವನು ಹಳೇ ಗಾಡಿಗೆ ಸ್ನಾನ ಮಾಡಿಸಿದ್ದ. ಇಷ್ಟು ವರ್ಷ ದುಡಿದದ್ದನ್ನು ಧೂಳು ಮೆತ್ತಿಕೊಂಡು ಹರಾಜಿಗೆ ಹೋಗಲು ಬಿಡಬಾರದು, ಪೂಜೆ ಮಾಡಿಯೇ ಕಳಿಸಬೇಕು ಎಂಬುದು ಅವನ ಹಟ. ಅದರ ಪಂಪಿನಿಂದಲೇ ನೀರು ಬಿಟ್ಟುಕೊಂಡು, ಟ್ಯಾಂಕು ಬರಿದಾಗುವವರೆಗೆ ಚಕ್ರ ಚಕ್ರವನ್ನೂ ತಿಕ್ಕಿ ತೊಳೆದಿದ್ದ. ಖಾಲಿಯಾದ ಟ್ಯಾಂಕನ್ನು ಮೊದಲು ತುಂಬಬೇಕು, ಟೀ ಆಮೇಲೆ, ಎಂದು ಠಾಣೆಗೆ ಬಂದ ಹೊಸಬರಿಗೆಲ್ಲ ಬೈದು ಬೈದು ಕಲಿಸಿದವನು ಇವನೇ. ಅವತ್ತು ಮಾತ್ರ, ನಾಳೆ ಹೋಗುವ ಗಾಡಿಗೆ ಇನ್ಯಾತರ ನೀರು ಅನ್ನಿಸಿತು. ಕುಂಕುಮವಿಟ್ಟು, ಹಾರ ಹಾಕಿ, ಕೈ ಮುಗಿದು, ಟೀ ಕುಡಿಯಲು ಹೋಗಿಬಿಟ್ಟಿದ್ದ.

ಹಳೇ ಗಾಡಿಯ ಪೈಪುಗಳನ್ನು ಹೊಸದರ ಪೈಪಿಗೆ ಜೋಡಿಸಿ ಓಣಿಯುದ್ದಕ್ಕೂ ನೀರು ಎಳೆದು ತರಲು ಹತ್ತು ನಿಮಿಷ ಹಿಡಿಯಿತು. ಮೆಟ್ಟಿಲ ಬೆಂಕಿ ಆರಿಸಿ ಮೇಲೆ ಹೋದಾಗ ಮುದುಕಿ ಬಾಗಿಲ ಹತ್ತಿರವೇ ಬಿದ್ದಿದ್ದಳು. ಮೈಯೇನೂ ಸುಟ್ಟಿರಲಿಲ್ಲ, ಹೊಗೆಗೇ ಉಸಿರು ನಿಂತಿತ್ತು.

ಠಾಣಾಧಿಕಾರಿ ನಂದೀಶ್ ಕೆಟ್ಟ ಮನುಷ್ಯನಲ್ಲ. ಚಿನ್ನಪ್ಪನನ್ನು ಒಳಗೆ ಕರೆದು ಕೂರಿಸಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು: "ದಾರಿಗೆ ತಳ್ಳುಗಾಡಿ ಅಡ್ಡ ಇತ್ತು, ಅದಕ್ಕೇ ಲೇಟಾಯ್ತು ಅಂತ ರಿಪೋರ್ಟಲ್ಲಿ ಬರ್ದಿದ್ದೀನಿ. ಸುಳ್ಳೇನಲ್ವಲ್ಲ. ನಿಮಗೂ ಇನ್ನೊಂದು ವರ್ಷ ಸರ್ವೀಸಿದೆ, ಸುಮ್ನಿದ್ಬಿಡಿ." ಚಿನ್ನಪ್ಪ ಸುಮ್ಮನಿದ್ದ. ಹಳೇ ಗಾಡಿ ಹಾರ ಹಾಕಿಕೊಂಡೇ ಹರಾಜಿಗೆ ಹೋಯಿತು. ಅವನು ಅದನ್ನು ಕಳಿಸಲು ಗೇಟಿನವರೆಗೂ ಹೋಗಲಿಲ್ಲ.

ಎಂಟು ದಿನ ಕಳೆದ ಮೇಲೆ, ತಲೆ ಬೋಳಿಸಿಕೊಂಡಿದ್ದ ಒಬ್ಬಾತ ಠಾಣೆಗೆ ಬಂದು ಚಿನ್ನಪ್ಪನನ್ನು ಕೇಳಿದ. ಹೆಸರು ಮಲಕಪ್ಪ, ಸತ್ತ ಮುದುಕಿಯ ಮಗ. ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಇವನು ಸಂಜೆ ಫ್ಯಾಕ್ಟರಿ ಗೇಟುಗಳ ಮುಂದೆ ಮಾರುತ್ತಿದ್ದ. ಅವತ್ತು ಹಿಟ್ಟು ತರಲು ಯಶವಂತಪುರಕ್ಕೆ ಹೋಗಿದ್ದನಂತೆ. ಓಣಿಯವರೆಲ್ಲ ನಿನ್ನಿಂದಲೇ ಹೀಗಾಯಿತು ಎಂದು ಮುಖಕ್ಕೆ ಉಗಿದರಂತೆ. ಇಷ್ಟು ಹೇಳಿ ಅವನು ಬಗ್ಗಿ ಚಿನ್ನಪ್ಪನ ಕಾಲು ಹಿಡಿದುಕೊಂಡ.

"ಆ ತಳ್ಳುಗಾಡಿ ನಂದ್ರಿ ಸರ. ಯಾರರೆ ಕದ್ದಾರು ಅಂತ ಕಂಬಕ್ಕ ಬಿಗಿದು ಹೋಗಿದ್ದೆ. ನೀವು ಉಳಸಾಕ ಬಂದ್ರಿ, ನಾನs ಅಡ್ಡಾದೆ. ನಮ್ಮವ್ವನ್ನ ನಾನs ಕೊಂದೆ. ತಪ್ಪಾತ್ರಿ."

ನಂದೀಶ್ ಕೋಣೆಯ ಬಾಗಿಲು ತೆರೆದೇ ಇತ್ತು. ಇರಲಿ, ಕೆಲಸ ಹೋದರೂ ಹೋಗಲಿ ಎಂದು ಚಿನ್ನಪ್ಪನಿಗೆ ಅನ್ನಿಸಿತು. ಮಲಕಪ್ಪನ ತೋಳು ಹಿಡಿದು ಎಬ್ಬಿಸಿದ.

"ನಿನ್ನ ತಪ್ಪಲ್ಲ ಕಣಪ್ಪ. ನಿನ್ನ ತಳ್ಳುಗಾಡಿ ದಾಟ್ಕೊಂಡು ನಾನು ನಿಮ್ಮನೆ ಬಾಗ್ಲಿಗೇ ಬಂದಿದ್ದೆ. ನನ್ನ ಟ್ಯಾಂಕಲ್ಲಿ ನೀರಿರ್ಲಿಲ್ಲ. ಬೆಳಿಗ್ಗೆ ನಾನೇ ಖಾಲಿ ಮಾಡಿದ್ದೆ, ತುಂಬ್ಸಿರ್ಲಿಲ್ಲ. ನಿಮ್ಮಮ್ಮ ಹೋಗಿದ್ದು ನನ್ನಿಂದ."

ಮಲಕಪ್ಪ ಕಣ್ಣೊರೆಸಿಕೊಂಡು, ಎರಡೂ ಕೈ ಜೋಡಿಸಿದ.

"ನಿಮ್ಮದು ದೊಡ್ಡ ಮನಸ್ರಿ ಸರ. ನನ್ನ ಸಮಾಧಾನಕ್ಕ ಹಿಂಗ ಹೇಳಾಕತ್ತೀರಿ. ಬೆಂಕಿ ಆರಸೋ ಗಾಡ್ಯಾಗ ನೀರs ಇರಲಿಲ್ಲ ಅಂದ್ರ, ಯಾರರೆ ನಂಬತಾರೇನ್ರಿ?"