ಹುಲಗಿನಾಳದ ರಸ್ತೆ

ಓಡಾಡುವವರಿಲ್ಲದಿದ್ದರೆ ರಸ್ತೆಗಳು ಊರು ಬಿಟ್ಟು ಹೋಗುತ್ತಿದ್ದ ಕಾಲ ಅದು. ಹುಲಗಿನಾಳದ ರಸ್ತೆಯೂ ಸಕ್ಕರೆ ಕಾರ್ಖಾನೆಯ ಕಡೆಗೆ ಸರಿಯತೊಡಗಿದಾಗ ಪಂಚಾಯಿತಿ ಅಧ್ಯಕ್ಷೆ ನೀಲವ್ವನಿಗೆ ಚಿಂತೆ ಹತ್ತಿತು. ರಸ್ತೆ ಹೋದರೆ ಹೆಂಗಸರ ರೊಟ್ಟಿ ಕೇಂದ್ರವೂ ಮುಚ್ಚಿದಂತೆಯೇ.

"ಸರಪಳಿ ತರಿಸಿ ಕಟ್ಟಿಹಾಕೂಣ್ರೀ ಅಕ್ಕಾರ," ಎಂದ ಕಾರ್ಯದರ್ಶಿ ಸಂಗನಬಸು.

"ಕಟ್ಟಿದ್ರ ನಿಲ್ಲೂದಿಲ್ಲಪ್ಪಾ. ಅದಕ್ಕ ಮಂದಿ ಬೇಕು," ಎಂದಳು ನೀಲವ್ವ.

ಅವಳು ಒಲೆಗಳನ್ನೆಲ್ಲ ರಸ್ತೆಯ ಅಂಚಿಗೇ ಹಾಕಿಸಿದಳು. ಬಿಸಿ ರೊಟ್ಟಿಯ ವಾಸನೆಗೆ ಲಾರಿಗಳು ನಿಂತವು. ಕೈ ಸಾಲದಾದಾಗ ಪಕ್ಕದ ಲಂಬಾಣಿ ತಾಂಡಾದ ಹೆಂಗಸರೂ ಹೊಲದ ಬದು ಹಿಡಿದು ದಿನಾ ಕೆಲಸಕ್ಕೆ ಬಂದರು.

ದೀಪಾವಳಿಯ ಹೊತ್ತಿಗೆ ರಸ್ತೆ ತನ್ನ ಜಾಗಕ್ಕೆ ಮರಳಿತು. ಒಂದು ಬೆಳಿಗ್ಗೆ ನೀಲವ್ವ ನೋಡುತ್ತಾಳೆ, ಅದರ ಮಗ್ಗುಲಲ್ಲಿ ಮೊಳದಗಲದ ಮರಿ ರಸ್ತೆಯೊಂದು ಹುಟ್ಟಿ, ಈವರೆಗೆ ರಸ್ತೆಯೇ ಇಲ್ಲದ ತಾಂಡಾದ ಕಡೆಗೆ ಹೊರಟಿದೆ. ಅವಳು ಸೆರಗು ಸಿಕ್ಕಿಸಿಕೊಂಡು, ಅದರ ಮುಂದಿದ್ದ ಕಲ್ಲುಗಳನ್ನು ಆರಿಸತೊಡಗಿದಳು.