ಶಾವಂತ್ರೆವ್ವನ ಅಂಗೈ

ಸಂಗನಬಸಪ್ಪನ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹೆಂಡತಿ ಶಾವಂತ್ರೆವ್ವ ಹಣೆಗೆ ವಿಭೂತಿ ಹಚ್ಚಿದರೆ ಎತ್ತುವುದಷ್ಟೇ ಬಾಕಿ.

ಆಕೆ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತೇ ಇದ್ದಳು. ಔಷಧಿಗಳೆಲ್ಲ ಸೋತ ಮೇಲೆ ಗೋಧಿಯ ಎಲೆಗೆ ಹಳದಿ ಪುಡಿ ಕಟ್ಟುವ ಭಂಡಾರ ರೋಗಕ್ಕೆ ಉಳಿದ ಮದ್ದೆಂದರೆ ಇಂಥ ಅಂಗೈಗಳಲ್ಲಿ ಬದುಕುವ ಜೀವಾಣು ಮಾತ್ರ. ಊರಿಗೊಬ್ಬರ ಕೈಗೆ ಅದು ಒಗ್ಗುತ್ತಿತ್ತು. ಆ ಕೈ ಸವರಿದ ಪೈರು ಉಳಿಯುತ್ತಿತ್ತು. ಸಾಬೂನು, ಉಪ್ಪು, ಬೂದಿ ಯಾವುದು ತಾಗಿದರೂ ಜೀವಾಣು ಸಾಯುತ್ತಿತ್ತು. ಅದಕ್ಕೇ ಮದುವೆಯಾದಾಗಿನಿಂದ ಸಂಗನಬಸಪ್ಪನೇ ರೊಟ್ಟಿ ಮುರಿದು ಅವಳಿಗೆ ಉಣಿಸುತ್ತಿದ್ದ.

ಈಗ ಗೋಧಿ ಹಾಲುಗಾಳು ಕಟ್ಟುವ ಹೊತ್ತು. ಬೆಳಿಗ್ಗೆಯಷ್ಟೇ ಕೆರೆಯಂಚಿನ ಹೊಲದಲ್ಲಿ, ಎಲೆಗಳ ಮೇಲೆ ಅರಿಸಿನ ಉದುರಿದಂತೆ ರೋಗ ಕಂಡಿತ್ತು. ಅಂಗಳದ ಗಂಡಸರು ಅವಳ ಕೈಗಳನ್ನೇ ನೋಡುತ್ತಿದ್ದರು. ಆ ಕೈ ವಿಭೂತಿ ಮುಟ್ಟಿದರೆ ಊರಿನ ಬೆಳೆ ಹೋದಂತೆಯೇ.

ನಾದಿನಿ ಬಾಳವ್ವ ವಿಭೂತಿಯನ್ನು ಮುಂದೆ ಹಿಡಿದಳು. "ಹಚ್ಚರಿ ವೈನಿ. ಊರು ತನ್ನ ಪಾಡು ತಾ ನೋಡ್ಕೊಳ್ಳಲಿ. ನಮ್ಮಣ್ಣನ್ನ ಬರಿ ಹಣಿಲೆ ಕಳಸಬ್ಯಾಡ್ರಿ."

"ನನ್ನ ಹಣಿಗಿ ಹಚ್ಚು, ಬಾಳವ್ವಾ. ದಪ್ಪಗ ಹಚ್ಚು."

ಬಾಳವ್ವ ಅಳುತ್ತಲೇ ಹಚ್ಚಿದಳು. ಶಾವಂತ್ರೆವ್ವ ಕೈಗಳನ್ನು ಬೆನ್ನ ಹಿಂದೆ ಸರಿಸಿ, ಮಂಡಿಯೂರಿ, ತನ್ನ ಹಣೆಯನ್ನು ಗಂಡನ ಹಣೆಗೆ ಒತ್ತಿದಳು. ಬಹಳ ಹೊತ್ತು ಹಾಗೇ ಇದ್ದಳು. ಎದ್ದಾಗ ಅವನ ಹಣೆ ಬೆಳ್ಳಗಾಗಿತ್ತು.

ಅವಳು ಮತ್ತೆ ಕೈಗಳನ್ನು ಎದೆಯ ಮುಂದೆ ತಂದು, ಮುಖವನ್ನು ನಾದಿನಿಯ ಕಡೆಗೆ ಚಾಚಿದಳು.

"ನನ್ನ ಕಣ್ಣು ಒರಸು, ಬಾಳವ್ವಾ. ಉಪ್ಪು ಕೈಮ್ಯಾಲೆ ಬಿದ್ದೀತು. ಹೊಲಕ್ಕ ಹೋಗಬೇಕು."